ತಳ ಕಾಣದ ಬಾಣಲೆ

ಬಸ್ ಡಿಪೋ ಕ್ಯಾಂಟೀನಿನ ಆ ಬಾಣಲೆಯ ತಳ ಕಂಡವರು ಯಾರೂ ಇರಲಿಲ್ಲ. ಅದು ಬರಿದಾಗುತ್ತಲೇ ಇರಲಿಲ್ಲ. ಸಂಜೆ ಒಲೆ ಆರಿಸಿದ ಮೇಲೆ ಮೂರರಲ್ಲಿ ಒಂದು ಪಾಲು ಎಣ್ಣೆ ಅದರಲ್ಲೇ ಉಳಿಯಬೇಕು, ಬೆಳಿಗ್ಗೆ ಅದರ ಮೇಲೆ ಹೊಸದನ್ನು ಸುರಿಯಬೇಕು. ಉಳಿದ ಆ ಪಾಲಿಗೆ ತಾಯೆಣ್ಣೆ ಅಂತ ಹೆಸರು. ಹೊಸ ಎಣ್ಣೆಗೆ ಬುದ್ಧಿ ಇರಲ್ಲ, ಕರಿಯೋದು ಹೇಗೆ ಅಂತ ಹಳೇದೇ ಅದಕ್ಕೆ ಹೇಳಿಕೊಡಬೇಕು ಅನ್ನುವುದು ಅಲ್ಲಿ ಕರಿಯುವ ಬಾಣಲೆಯಕ್ಕನ ವಾದ. ಅವಳ ಅಮ್ಮನ ವಾದವೂ ಅದೇ ಆಗಿತ್ತು. ಬಾಣಲೆ ಅಮ್ಮನದು, ಜಾಲರಿ ಸೌಟು ಅಮ್ಮನದು, ವಾದವೂ ಅಮ್ಮನದು. ಮಗಳಿಗೆ ಆಸ್ತಿ ಅಂತ ಬಂದದ್ದು ಇಷ್ಟೇ, ಜೊತೆಗೆ ಒಬ್ಬ ತಮ್ಮ.

ಅಮ್ಮ ಸತ್ತದ್ದು ಆ ಬಾಣಲೆಯ ಮುಂದೆಯೇ. ಮಧ್ಯಾಹ್ನದ ಪಾಳಿ ಬಿಡುವ ಹೊತ್ತು, ಕ್ಯಾಂಟೀನು ತುಂಬಾ ಜನ. ಆಲೂಗಡ್ಡೆ ಹೋಳುಗಳು ಎಣ್ಣೆಯಲ್ಲಿ ಕುಣಿಯುತ್ತಿದ್ದವು. ಅಮ್ಮ ಎಡಗೈಯ ರಟ್ಟೆ ಹಿಡಿದುಕೊಂಡು, "ಯಾಕೋ ಒಂಥರಾ ಆಗ್ತಿದೆ ಕಣೇ" ಅಂದು ಆಲೂಗಡ್ಡೆ ಮೂಟೆಯ ಮೇಲೆ ಕುಕ್ಕರಿಸಿದಳು. ಮತ್ತೆ ಏಳಲಿಲ್ಲ. ಮಗಳಿಗೆ ಆಗಿನ್ನೂ ಮೀಸೆ ಬರದ ಗಂಡುಹುಡುಗರ ವಯಸ್ಸು. ಅವಳು ನೆಲಕ್ಕೆ ಬಿದ್ದ ಸೌಟು ಎತ್ತಿಕೊಂಡು ಬಾಣಲೆಯಲ್ಲಿದ್ದುದನ್ನು ಮೊದಲು ತಿರುವಿದಳು. ಆಮೇಲೆ ಅತ್ತಳು. ಇದನ್ನು ಕೇಳಿದವರು ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಹೊಟ್ಟೆಪಾಡಿನ ಕೆಲಸ ಮಾಡುವ ಕೈಗೆ ಮೊದಲು ಗೊತ್ತಾಗುವುದು ಸೀದುಹೋಗುವ ವಾಸನೆ, ಸಾವು ಆಮೇಲೆ ಗೊತ್ತಾಗುತ್ತದೆ.

ತಮ್ಮ ಆಗ ತೊಟ್ಟಿಲು ಬಿಟ್ಟು ಅಂಬೆಗಾಲಿಡುತ್ತಿದ್ದ. ಕ್ಯಾಂಟೀನಿನ ಬಾಗಿಲಿನ ಹಿಂದೆ, ಖಾಲಿ ಸೋಪಿನ ಪೆಟ್ಟಿಗೆಯಲ್ಲಿ ಅವನ ವಾಸ. ಅತ್ತರೆ ಅಮ್ಮ ಕರಿಯುತ್ತಲೇ, ತಿರುಗಿಯೂ ನೋಡದೆ "ಶ್ಶ್... ಸುಮ್ನಿರು" ಅನ್ನುತ್ತಿದ್ದಳು. ಹಸಿ ಹೋಳು ಕಾದ ಎಣ್ಣೆಗೆ ಬಿದ್ದಾಗಲೂ ಅದೇ ಸದ್ದು. ಎಷ್ಟೋ ಸಲ ಯಾವುದು ಅಮ್ಮ, ಯಾವುದು ಎಣ್ಣೆ ಅಂತ ಕೂಸಿಗೆ ಗೊತ್ತಾಗದೆ ಬಾಯಿ ಮುಚ್ಚುತ್ತಿತ್ತು. ಅಮ್ಮ ಹೋದ ಮೇಲೆ ತಮ್ಮನನ್ನು ಸುಮ್ಮನಾಗಿಸಬೇಕಾದರೆ ಅಕ್ಕ ಒಂದು ಹೋಳು ಎಣ್ಣೆಗೆ ಬಿಡುತ್ತಿದ್ದಳು. ಶ್ಶ್. ಅವನು ಸುಮ್ಮನಾಗುತ್ತಿದ್ದ. ಹೋಳು ಆರಿದ ಮೇಲೆ ಅವನ ಬಾಯಿಗೆ. ಹೀಗೆ ಬೆಳೆದ.

ಬಾಣಲೆಯಕ್ಕ ಮದುವೆಯಾಗಲಿಲ್ಲ. ಕೇಳಿದವರಿಗೆ "ಎಣ್ಣೆ ವಾಸನೆ ಹೆಂಗಸನ್ನ ಯಾರು ತಬ್ಕೋತಾರೆ, ಹೋಗ್ರೋ" ಅನ್ನುತ್ತಿದ್ದಳು. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ. ಅಮ್ಮ ಸತ್ತ ವಯಸ್ಸನ್ನು ತಮ್ಮ ದಾಟಬೇಕು. ಅಷ್ಟೇ. ತಾನು ಯಾವಾಗಲೋ ದಾಟಿದ್ದಳು, ಅದು ಅವಳಿಗೆ ದೊಡ್ಡ ವಿಷಯ ಅನ್ನಿಸಿರಲಿಲ್ಲ. ತಾನು ಕರಿಯುವವಳೇ ಹೊರತು ತಿನ್ನುವವಳಲ್ಲ. ಇಡೀ ದಿನ ಆ ಹೊಗೆ ಕುಡಿದವಳಿಗೆ ಸಂಜೆ ಬರೀ ಗಂಜಿ ಸೇರುತ್ತಿತ್ತು. ತಿನ್ನುವವನು ತಮ್ಮ.

ಚಳವಳಿಯವರ ಕಥೆಗಳಲ್ಲಿ ಲಾಠಿ ಇರುತ್ತದೆ, ಜೈಲಿರುತ್ತದೆ, ಘೋಷಣೆ ಇರುತ್ತದೆ. ಹೊಟ್ಟೆ ಇರುವುದಿಲ್ಲ. ಡಿಪೋದ ದೊಡ್ಡ ಮುಷ್ಕರದಲ್ಲಿ ಗೇಟಿಗೆ ಬೀಗ ಜಡಿದಾಗ ಎಲ್ಲರೂ ಬಾವುಟ ಹಿಡಿದು ಹೊರಗೆ ಬಂದರು, ಬಾಣಲೆಯಕ್ಕ ತಾಯೆಣ್ಣೆಯಲ್ಲಿ ಒಂದಿಷ್ಟು ಮೊಗೆದುಕೊಂಡ ಡಬ್ಬವನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಕಾಂಪೌಂಡಿನ ಹೊರಗೆ ಮೂರು ಕಲ್ಲು ಹೂಡಿ, ಎರವಲು ಬಾಣಲೆ ಇಟ್ಟು ಒಲೆ ಹಚ್ಚಿದಳು. ಮುಷ್ಕರ ಮುಗಿಯುವವರೆಗೂ ಅಲ್ಲಿಯೇ ಕರಿದು ಹಾಕಿದಳು. ಭಾಷಣ ಮಾಡಿದವರ ಹೆಸರು ಈಗ ಯಾರಿಗೂ ನೆನಪಿಲ್ಲ. ಆ ಹೋಳಿನ ಗರಿಗರಿ ಎಲ್ಲರಿಗೂ ನೆನಪಿದೆ. ಅದರ ಗುಟ್ಟು ತಾಯೆಣ್ಣೆಯ ಜೊತೆಗೆ ಅವಳು ಹಾಕುತ್ತಿದ್ದ ತಾಳೆ ಎಣ್ಣೆ, ಮತ್ತು ಸೌಟಿನ ತುದಿಯಲ್ಲಿ ಕೆತ್ತಿ ಹಾಕುತ್ತಿದ್ದ ವನಸ್ಪತಿಯ ಬಿಳಿ ಗಡ್ಡೆ.

ಕ್ಯಾಂಟೀನಿನಲ್ಲಿ, ಕಿಟಕಿಗೆ ದೂರವಾದ ಮೂಲೆಯಲ್ಲಿ ಒಂದು ಬೆಂಚು. ಸಂಘದ ಮುಖ್ಯ ಮಾತುಕತೆಯೆಲ್ಲ ಅಲ್ಲೇ ಆಗುತ್ತಿತ್ತು, ಯಾಕೆಂದರೆ ತಟ್ಟೆ ಮೊದಲು ತಲುಪುತ್ತಿದ್ದದ್ದು ಅಲ್ಲಿಗೆ. ವೆಲ್ಡಿಂಗ್ ಮಾವ ಅಲ್ಲಿ ಕೂರುತ್ತಿದ್ದ. ಬಸ್ಸುಗಳ ಹೊತ್ತು ಬರೆಯುವ ಟೈಮ್‌ಕೀಪರ್ ಅಲ್ಲಿ ಕೂರುತ್ತಿದ್ದ. ಇಬ್ಬರದೂ ಒಂದೇ ಆಕಾರ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬೆಲ್ಟಿನ ಮೇಲೆ ಬಾಗಿ ನೋಡುತ್ತಿತ್ತು. ವೆಲ್ಡಿಂಗ್ ಮಾವ ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಹಾಗೆಯೇ ಮಲಗಿದ. ಟೈಮ್‌ಕೀಪರ್‌ನ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆತು, ಕತ್ತರಿಸಿ, ಆಮೇಲೆ ಉಳಿದವನೂ ಹೋದ. ಇಬ್ಬರಿಗೂ ಇನ್ನೂ ಸಾಯುವ ವಯಸ್ಸಾಗಿರಲಿಲ್ಲ.

ಆ ಇಬ್ಬರೂ ಹೋದ ಒಂದೊಂದು ದಿನವೂ ಬಾಣಲೆಯಕ್ಕನಿಗೆ ಒಂದು ಸದ್ದು ಕೇಳಿಸಿತ್ತು. ಒಲೆ ಹಚ್ಚಿರಲಿಲ್ಲ. ಎಣ್ಣೆ ತಣ್ಣಗೆ, ಕೆನೆಗಟ್ಟಿ ಕೂತಿತ್ತು. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಬೆನ್ನ ಹಿಂದೆ, ಬಾಣಲೆಯೊಳಗಿಂದ, ಶ್ಶ್.

ತಿರುಗಿ ನೋಡಿದರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಸುದ್ದಿ ಬಂತು.

ಆಮೇಲೆ ಅವಳಿಗೆ ಆ ಬೆಂಚು ಖಾಲಿ ಕಾಣಿಸುವುದು ನಿಂತುಹೋಯಿತು. ಅವರು ಬಂದು ಕೂರುತ್ತಾರೆ ಅನ್ನುತ್ತಿದ್ದಳು. ಹೇಳುವಾಗ ದನಿಯಲ್ಲಿ ನಡುಕ ಗಿಡುಕ ಏನಿಲ್ಲ, ಸಿಟ್ಟು. "ಎದ್ದು ಹೋಗ್ರೋ, ಪಾಳಿಯವರು ಕಾಯ್ತಿದ್ದಾರೆ. ಬದುಕಿದ್ದಾಗಲೂ ನಿಮ್ಮದು ಇದೇ ಆಯ್ತು" ಅಂತ ಒದ್ದೆ ಬಟ್ಟೆಯಿಂದ ಖಾಲಿ ಬೆಂಚನ್ನು ಒರೆಸುತ್ತಿದ್ದಳು. ಚಹಾ ಕುಡಿಯುತ್ತಿದ್ದವರು ನಗುತ್ತಿದ್ದರು. ನಕ್ಕರೂ ಆ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಕೂರುತ್ತಿದ್ದವನು ಒಬ್ಬನೇ, ತಮ್ಮ.

ಅವನು ಡಿಪೋದ ಟೈರ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಎಲ್ಲರೂ ಕರೆಯುತ್ತಿದ್ದದ್ದು ಪಂಕ್ಚರ್ ಅಂತ. ಬಸ್ಸಿನ ಚಕ್ರವನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಕಬ್ಬಿಣದ ಪಟ್ಟಿಯಿಂದ ಟೈರು ಎಬ್ಬಿಸುವ ಆಳು. ಮೊದಮೊದಲು ತೆಂಗಿನಮರದ ಹಾಗಿದ್ದ. ಕ್ರಮೇಣ ಅವನ ಸೊಂಟಕ್ಕೂ ಒಂದು ಟ್ಯೂಬು ಸುತ್ತಿಕೊಂಡಿತು. ಗಾಳಿ ಯಾರೂ ತುಂಬುತ್ತಿರಲಿಲ್ಲ, ಅದೇ ಊದುತ್ತಿತ್ತು. ಮೊಣಕಾಲು ಉರಿ, ಪಾದ ಉರಿ, ಮಧ್ಯಾಹ್ನವಾದರೆ ತೂಕಡಿಕೆ, ಕತ್ತಿನ ಸುತ್ತ ಮಸಿ ಬಳಿದ ಹಾಗೆ ಕಪ್ಪು. ಅಕ್ಕನಿಗೆ ಇದು ಕಾಣಿಸುತ್ತಿತ್ತು. ಅಮ್ಮನ ವಯಸ್ಸು ಅವನಿಗೆ ಹತ್ತಿರವಾಗುತ್ತಿರುವುದೂ ಕಾಣಿಸುತ್ತಿತ್ತು.

"ಡಾಕ್ಟ್ರಮ್ಮನ ಹತ್ರ ಹೋಗೋ."

"ನಂಗೇನಾಗಿದೆ? ಇನ್ನೆರಡು ಹೋಳು ಹಾಕು."

"ಹೊಟ್ಟೆ ನೋಡ್ಕೋ. ಎಷ್ಟು ತಿಂಗಳು ಅಂತ ಜನ ಕೇಳ್ತಾರೆ."

"ಅಕ್ಕಾ, ನಿನ್ನ ಕೈ ಅಡುಗೆಗೆ ಹುಟ್ಟಿದ ಕೂಸು ಇದು. ಹೆಸರು ನೀನೇ ಇಡು."

ಕೊನೆಗೆ ಅವನನ್ನು ಎಳೆದುಕೊಂಡು ಹೋದವಳು ಅವನ ಹೆಂಡತಿ. ಡಾಕ್ಟ್ರಮ್ಮ ಅಳತೆಯ ಟೇಪು ತೆಗೆದು ಮೊದಲು ಸೊಂಟ ಸುತ್ತಿದರು. ಆಮೇಲೆ ಬಿಪಿ, ಸಕ್ಕರೆ, ರಕ್ತದಲ್ಲಿ ಏರಿರುವ ಕೊಬ್ಬು, ಇಳಿದಿರುವ ಒಳ್ಳೆ ಕೊಲೆಸ್ಟ್ರಾಲು. ಈ ಐದರಲ್ಲಿ ಮೂರು ಕೆಟ್ಟಿದ್ದರೆ ಸಾಕು, ಮೆಟಬಾಲಿಕ್ ಸಿಂಡ್ರೋಮ್ ಅಂತ ಹೆಸರು. ಅವನಿಗೆ ಐದೂ ಕೆಟ್ಟಿದ್ದವು.

"ಐದಕ್ಕೆ ಐದು!" ಅಂತ ಪಂಕ್ಚರ್ ಕ್ಯಾಂಟೀನಿಗೆ ಬಂದು ಮೇಜು ಕುಟ್ಟಿದ. "ಸ್ಕೂಲಲ್ಲಿ ಒಂದು ಸಲಾನೂ ಬರ್ಲಿಲ್ಲ ಅಕ್ಕಾ. ಈಗ ಬಂತು ನೋಡು."

ಅಕ್ಕ ನಗಲಿಲ್ಲ. "ಏನಂದ್ರು, ಅದನ್ನ ಸರಿಯಾಗಿ ಹೇಳು."

ಅವನಿಗೆ ಸರಿಯಾಗಿ ಹೇಳಲು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೈಯೊಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಒಂದು ಉರಿ ಇದೆಯಂತೆ. ಅದಕ್ಕೆ ಉರಿಯೂತ ಅಂತಾರಂತೆ. ಅದನ್ನು ಅಳೆಯೋದಕ್ಕೆ ರಕ್ತದಲ್ಲಿ ಒಂದು ಪರೀಕ್ಷೆ ಇದೆಯಂತೆ, ಅದೂ ಏರಿದೆಯಂತೆ. ನಾವು ತಿನ್ನೋ ಕೊಬ್ಬಿನಲ್ಲಿ ಕೆಲವು ಆ ಕೆಂಡಕ್ಕೆ ಗಾಳಿ ಹಾಕುತ್ತವಂತೆ, ಕೆಲವು ತಣಿಸುತ್ತವಂತೆ. ತಾಳೆ ಎಣ್ಣೆ, ವನಸ್ಪತಿ ಕೆಟ್ಟವು. ಅಗಸೆ, ಅಕ್ರೋಟ, ಮೀನು ಒಳ್ಳೆಯವು.

"ಒಟ್ಟಿನಲ್ಲಿ ಏನ್ ಮಾಡ್ಬೇಕಂತೆ?"

"ಎಣ್ಣೆ ಬದಲಾಯಿಸ್ಬೇಕಂತೆ."

"ಅಷ್ಟೇನಾ?"

"ಇನ್ನೂ ಏನೇನೋ ಅಂದ್ರು. ನಡೀಬೇಕು, ಕರಿದದ್ದು ಕಮ್ಮಿ ಮಾಡ್ಬೇಕು, ಮಾತ್ರೆ ನುಂಗ್ಬೇಕು. ಮುಖ್ಯ ಎಣ್ಣೆ."

ಬಾಣಲೆಯಕ್ಕ ಆವತ್ತೇ ಹೊರಟಳು. ಗಾಣದವನ ಹತ್ತಿರ ಹೋಗಿ ಅಗಸೆ ಎಣ್ಣೆ ತಂದಳು. ಡಬ್ಬದಲ್ಲಿದ್ದ ತಾಳೆ ಎಣ್ಣೆಯನ್ನೂ ವನಸ್ಪತಿಯನ್ನೂ ಹೊರಗಿಟ್ಟಳು. ಮರುದಿನ ಬೆಳಿಗ್ಗೆ ಬಾಣಲೆಯ ಮುಂದೆ ನಿಂತು, ತಾಯೆಣ್ಣೆಯ ಮೇಲೆ ಅಗಸೆ ಎಣ್ಣೆಯನ್ನು ಸುರಿದಳು. ಅವಳ ಮಟ್ಟಿಗೆ ಎಣ್ಣೆ ಬದಲಾಯಿಸುವುದು ಅಂದರೆ ಅದೇ. ಮೇಲೆ ಸುರಿಯುವುದನ್ನು ಬದಲಾಯಿಸಬಹುದು. ಕೆಳಗಿರುವುದು ಎಣ್ಣೆ ಅಂತ ಅವಳಿಗೆ ಯಾವತ್ತೂ ಅನಿಸಿರಲೇ ಇಲ್ಲ. ಅದು ಅಮ್ಮ.

ಒಲೆ ಹಚ್ಚಿದಳು. ಬಾಣಲೆ ನೊರೆ ಉಕ್ಕಿಸಿತು. ಕ್ಯಾಂಟೀನು ತುಂಬಾ ಹೊಸ ಬಾಗಿಲಿಗೆ ಬಣ್ಣ ಹಚ್ಚಿದಂಥ ವಾಸನೆ.

"ಅಕ್ಕಾ, ಇವತ್ತೇನು ಬಾಗಿಲು ಕರಿದಿದ್ದೀಯಾ?" ಅಂದ ಒಬ್ಬ ಡ್ರೈವರ್.

"ಚೌಕಟ್ಟೂ ಇದೆ, ಹಾಕ್ಲಾ?" ಅಂದ ಮತ್ತೊಬ್ಬ.

"ಔಷಧಿ ಕಣ್ರೋ ಅದು. ಮುಚ್ಕೊಂಡು ತಿನ್ನಿ."

ಔಷಧಿ ಅಂದಮೇಲೆ ತಮ್ಮನಿಗೆ ಅಡೆತಡೆ ಏನು? ಮೊದಲು ಒಂದು ತಟ್ಟೆ ತಿನ್ನುತ್ತಿದ್ದವನು ಎರಡು ತಿಂದ. ಅಕ್ಕನೇ ಕರೆದು ಕರೆದು ಬಡಿಸಿದಳು. ಮನೆಗೂ ಕಟ್ಟಿ ಕಳಿಸಿದಳು. ಅವನ ಹೆಂಡತಿ ಮಾತ್ರ ಒಂದು ದಿನ ಕ್ಯಾಂಟೀನಿಗೆ ಬಂದು ಮೂಗಿಗೆ ಸೆರಗು ಹಿಡಿದು ನಿಂತಳು.

"ಅತ್ತಿಗೆ, ಇವರ ಬೆವರೂ ಹೀಗೇ ನಾರುತ್ತೆ. ಇದು ಸರೀನಾ?"

"ಒಳಗಿನ ಕೆಟ್ಟದ್ದು ಹೊರಗೆ ಬರ್ತಿದೆ ಕಣೇ. ನೀನು ಡಾಕ್ಟ್ರಾ?"

"ಅಲ್ಲ. ನಾನು ಪಕ್ಕದಲ್ಲಿ ಮಲಗೋಳು."

ಬಾಣಲೆಯಕ್ಕ ಒಂದು ಹೋಳು ಬಾಣಲೆಗೆ ಬಿಟ್ಟಳು. ಶ್ಶ್.

ಎರಡನೇ ಪರೀಕ್ಷೆಯಲ್ಲಿ ಐದೂ ಇದ್ದಲ್ಲೇ ಇದ್ದವು. ಆ ಆರನೆಯದು, ಉರಿಯ ಲೆಕ್ಕ, ಇನ್ನೂ ಏರಿತ್ತು. ಎಣ್ಣೆ ಬದಲಾಯಿಸಿದ್ರಾ ಅಂತ ಡಾಕ್ಟ್ರಮ್ಮ ಕೇಳಿದರು. ಹೂಂ ಅಂದ. ಸುಳ್ಳಲ್ಲ ಅದು. ಡಾಕ್ಟ್ರಮ್ಮ ಮಾತ್ರೆ ಹೆಚ್ಚಿಸಿ ಕಳಿಸಿದರು. ಅಕ್ಕನಿಗೆ ಅವನು, "ಸ್ವಲ್ಪ ಜಾಸ್ತಿ ದಿನ ಬೇಕಂತೆ" ಅಂದ. ಅವಳು ಹೋಳು ಜಾಸ್ತಿ ಹಾಕಿದಳು.

ಆ ದಿನಗಳಲ್ಲಿ ಅವಳು ಮೂಲೆಯ ಬೆಂಚಿನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಮಾವನೂ ಟೈಮ್‌ಕೀಪರೂ ಒಬ್ಬರಿಗೊಬ್ಬರು ಒತ್ತರಿಸಿಕೊಂಡು ಕೂತಿದ್ದಾರೆ ಅಂತ ಒಮ್ಮೆ ಹೇಳಿದಳು. ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಿದ್ದಾರೆ. ಹಾಗೆ ಹೇಳುವಾಗ ಅವಳ ಕೈಯಲ್ಲಿ ಆಲೂಗಡ್ಡೆ ಇತ್ತು, ಸಿಪ್ಪೆ ಹೋಗಿ ತಿರುಳೂ ಹೋಗುತ್ತಿತ್ತು, ಗಮನಿಸಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದಿತ್ತು. ಒಲೆ ಆರಿಸಿ ಬಹಳ ಹೊತ್ತಾಗಿತ್ತು. ಅಕ್ಕ ಸೌಟು ಉಜ್ಜುತ್ತಿದ್ದಳು. ಬೆನ್ನ ಹಿಂದೆ, ತಣ್ಣಗಿನ ಬಾಣಲೆಯಿಂದ, ಶ್ಶ್.

ಸೌಟು ಎಸೆದು ಓಡಿದಳು. ಅಷ್ಟು ದಪ್ಪ ಕಾಲಿನ, ಬಗ್ಗಿದ ಬೆನ್ನಿನ ಹೆಂಗಸು ಹಾಗೆ ಓಡಬಲ್ಲಳು ಅಂತ ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೈರ್ ಶೆಡ್ಡಿನಲ್ಲಿ ತಮ್ಮ ಒಂದು ಚಕ್ರಕ್ಕೆ ಒರಗಿ ಕೂತಿದ್ದ. ಮುಖವೆಲ್ಲ ನೀರು. ಎಡ ರಟ್ಟೆಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ.

"ಯಾಕೋ ಒಂಥರಾ ಆಗ್ತಿದೆ ಅಕ್ಕಾ."

ಅದೇ ಮಾತು. ಅಮ್ಮ ಅಂದಾಗ ಅವನು ಸೋಪಿನ ಪೆಟ್ಟಿಗೆಯಲ್ಲಿದ್ದ, ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ಈ ಸಲ ಅಕ್ಕ ಯಾವುದನ್ನೂ ತಿರುವಲು ನಿಲ್ಲಲಿಲ್ಲ. ಡಿಪೋದಿಂದ ಹೊರಡುತ್ತಿದ್ದ ಬಸ್ಸಿಗೆ ಅಡ್ಡ ನಿಂತಳು. ಒಳಗಿದ್ದ ಪ್ರಯಾಣಿಕರ ಸಮೇತ ಆ ಬಸ್ಸು ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು. ಸಂಘ ಎಷ್ಟು ಸಲ ಬಸ್ಸು ತಡೆದಿತ್ತೋ. ಒಬ್ಬರ ಜೀವ ಉಳಿದದ್ದು ಮಾತ್ರ ಅವಳು ತಡೆದಾಗ.

ಹೃದಯದ ರಕ್ತನಾಳದೊಳಗೆ ಒಂದು ಸ್ಪ್ರಿಂಗ್ ಕೂರಿಸಿದರು. ಬದುಕಿದ. ಅವನ ಹೆಂಡತಿ ಆಸ್ಪತ್ರೆಯ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಡಾಕ್ಟ್ರಮ್ಮ ನೋಡಲು ಬಂದಾಗ ಬಾಣಲೆಯಕ್ಕ ಎದ್ದು ನಿಂತು ದಾರಿಗೆ ಅಡ್ಡ ಬಂದಳು.

"ನೀವು ಹೇಳಿದ ಹಾಗೇ ಎಣ್ಣೆ ಬದಲಾಯಿಸ್ದೆ. ಅಗಸೆ ಎಣ್ಣೇಲೇ ಕರಿದು ಹಾಕ್ದೆ. ಯಾಕೆ ಹೀಗಾಯ್ತು?"

"ಅಗಸೆ ಎಣ್ಣೇಲಿ ಕರಿದ್ರಾ?"

"ಮತ್ತೆ? ಒಳ್ಳೇದು ಅಂದ್ರಂತಲ್ಲ."

"ಅದು ಹಸಿಯಾಗಿ ಒಂದು ಚಮಚ ತಿನ್ನೋದಮ್ಮಾ. ಬೆಂಕಿ ಕಂಡರೆ ಅದು ಬಲು ಬೇಗ ಕೆಡುತ್ತೆ. ತಣಿಸೋ ಗುಣ ಹೋಗುತ್ತೆ, ಬೇಡದ್ದೆಲ್ಲ ಹುಟ್ಟುತ್ತೆ. ಹಳೇ ಎಣ್ಣೆ ಏನ್ ಮಾಡಿದ್ರಿ?"

"ಏನ್ ಮಾಡ್ತೀನಿ? ಅದು ಅಲ್ಲೇ ಇದೆ."

"ಅಲ್ಲೇ ಅಂದ್ರೆ?"

"ಬಾಣಲೇಲಿ. ಅದರ ಮೇಲೆ ಸುರೀತೀನಿ."

"ಎಷ್ಟು ದಿನದ್ದು ಅದು?"

ಬಾಣಲೆಯಕ್ಕ ಮಲಗಿದ್ದ ತಮ್ಮನ ಕಡೆ ಕೈ ತೋರಿಸಿದಳು. "ಇವನಿಗಿಂತ ದೊಡ್ಡದು."

ಡಾಕ್ಟ್ರಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಆ ಹೆಂಗಸಿನಲ್ಲಿ ಮೆಚ್ಚಬೇಕಾದದ್ದು ಅದು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ನುಂಗಿಬಿಟ್ಟಿದ್ದ ಮಾತನ್ನೆಲ್ಲ ಮೊದಲಿನಿಂದ ಹೇಳಿದರು. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಅದು ಅತಿಯಾಗಿ ಊದಿಕೊಂಡಾಗ, 'ಗಾಯವಾಗಿದೆ, ಬನ್ನಿ ಬನ್ನಿ' ಅಂತ ಕೂಗು ಹಾಕುತ್ತದೆ. ಮೈಯ ಕಾವಲು ಕಣಗಳು ಓಡಿ ಬರುತ್ತವೆ. ನೋಡಿದರೆ ಗಾಯವಿಲ್ಲ. ಆದರೂ ವಾಪಸ್ಸು ಹೋಗುವುದಿಲ್ಲ.

ಇದನ್ನು ಬಾಣಲೆಯಕ್ಕ ಆಮೇಲೆ ಡಿಪೋದ ನಮಗೆಲ್ಲ ಹೇಳಿದ್ದು ಹೀಗೆ. "ಗಲಾಟೆ ಇಲ್ಲದ ಬೀದಿಗೆ ಪೊಲೀಸ್ರು ಬಂದು ಟೆಂಟ್ ಹಾಕಿದ ಹಾಗೆ ಕಣ್ರೋ. ಕೂತು ಕೂತು ಬೇಜಾರಾಗಿ ಅಂಗಡಿ ಗಾಜು ಒಡೀತಾರಲ್ಲ, ಆ ಥರ. ಒಳಗಿನ ರಕ್ತನಾಳದ ಗೋಡೆ ಒಡೆಯೋದು ಅವರೇ." ಡಿಪೋದವರಿಗೆ ಇದಕ್ಕಿಂತ ಸರಿಯಾಗಿ ಅರ್ಥಮಾಡಿಸಲು ಯಾವ ಡಾಕ್ಟರಿಗೂ ಆಗುತ್ತಿರಲಿಲ್ಲ.

ವನಸ್ಪತಿಯಂಥ ಕೊಬ್ಬು, ತಾಳೆ ಎಣ್ಣೆಯಂಥ ಗಟ್ಟಿಯಾಗುವ ಕೊಬ್ಬಿನ ಅತಿ, ಆ ಟೆಂಟಿಗೆ ಊಟ ಸಾಗಿಸಿದ ಹಾಗೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಇನ್ನೂ ಅಪಾಯ. ಅದರಲ್ಲಿ ಕೊಬ್ಬು ಕೊಬ್ಬಾಗಿ ಉಳಿದಿರುವುದಿಲ್ಲ, ಒಡೆದು ಬೇರೆ ಏನೇನೋ ಆಗಿರುತ್ತದೆ. ಹಳೇದರ ಮೇಲೆ ಸುರಿದ ಹೊಸದನ್ನೂ ಅದು ಬೇಗ ಕೆಡಿಸುತ್ತದೆ.

"ಅಂದ್ರೆ ಹಳೇದು ಹೊಸದಕ್ಕೆ ಕಲಿಸುತ್ತೆ" ಅಂದಳು ಬಾಣಲೆಯಕ್ಕ.

"ಹೌದು. ಕೆಡೋದನ್ನ ಕಲಿಸುತ್ತೆ."

"ನಾನೇ ಕೊಂದೆನಾ ಇವರನ್ನೆಲ್ಲ? ನಮ್ಮಮ್ಮನ್ನ, ಮಾವನ್ನ?"

"ಹಾಗೆ ಹೇಳೋಕಾಗಲ್ಲಮ್ಮಾ. ವಂಶ, ನಿದ್ದೆಗೆಟ್ಟ ಪಾಳಿ, ಬೀಡಿ, ಕೂತ ಕಡೆ ಕೂರೋದು, ಹೊಗೆ, ಎಲ್ಲಾ ಸೇರಿರುತ್ತೆ. ಒಂದರ ಮೇಲೆ ಹೊರಿಸಿದ್ರೆ ಸುಳ್ಳು. ಆದ್ರೆ ಬಾಣಲೆ ಖಾಲಿ ಮಾಡಿ."

ಖಾಲಿ ಮಾಡುವುದಕ್ಕೆ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಕ್ಯಾಂಟೀನಿಗೆ ರಜ ಹೇಳಿ ಬಾಗಿಲು ಅಡ್ಡ ಮಾಡಿಕೊಂಡಳು. ಕಿಟಕಿಯಿಂದ ನೋಡಿದವರು ಹೇಳಿದ್ದು: ಬಾಣಲೆಯ ಮುಂದೆ ನಿಂತು, "ಅಮ್ಮಾ, ಮಗನ್ನ ಕೇಳ್ತಿದ್ದೀಯ ನೀನು. ಕೊಡಲ್ಲ" ಅಂದಳು. ಅಷ್ಟು ಹೇಳಿ ಚೊಂಬಿನಿಂದ ಮೊಗೆಯತೊಡಗಿದಳು. ಡಬ್ಬಕ್ಕೆ ಬಿದ್ದದ್ದು ಎಣ್ಣೆಯ ಹಾಗಿರಲಿಲ್ಲ, ಡಾಂಬರಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು.

ಚರಂಡಿಗೆ ಚೆಲ್ಲಲು ಕೈ ಬರಲಿಲ್ಲ. ಸಾಬೂನು ಮಾಡುವವನನ್ನು ಕರೆಸಿದರೆ ಅವನು ಬೆರಳಲ್ಲಿ ಮುಟ್ಟಿ ನೋಡಿ, "ಇದರಲ್ಲಿ ಸಾಬೂನು ಮಾಡಿದ್ರೆ ಅದನ್ನ ತೊಳೆಯೋಕೆ ಇನ್ನೊಂದು ಸಾಬೂನು ಬೇಕು" ಅಂತ ಹೋದ. ಕೊನೆಗೆ ಡಿಪೋದಲ್ಲಿ ಬಸ್ಸಿನ ಎಂಜಿನ್ನಿನಿಂದ ಇಳಿಸಿದ ಎಣ್ಣೆ ತುಂಬುವ ಪೀಪಾಯಿ ಇತ್ತಲ್ಲ, ಅದಕ್ಕೆ ತಾನೇ ಹೊತ್ತುಕೊಂಡು ಹೋಗಿ ಬಗ್ಗಿಸಿದಳು. ಮುಷ್ಕರದಲ್ಲಿ ಸೊಂಟದ ಮೇಲೆ ಹೊತ್ತು ತಂದಿದ್ದ ಡಬ್ಬವೇ. ಪೀಪಾಯಿಯೊಳಗೆ ಇಣುಕಿ ನೋಡಿದಳು. ಬಸ್ಸಿನ ಎಣ್ಣೆ ಯಾವುದು, ಅಮ್ಮನ ಎಣ್ಣೆ ಯಾವುದು, ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಬಾಣಲೆಯ ಒಳಗೋಡೆಗೆ ಬೆರಳು ದಪ್ಪದ ಕರಿ ಹತ್ತಿತ್ತು. ಅದರ ಮೇಲೆ ಅಗಸೆ ಎಣ್ಣೆ ಗಾಜಿನ ಹಾಗೆ ಹೊಳಪು ಕಟ್ಟಿತ್ತು. ಬಿಸಿನೀರಿಗೆ ಬಗ್ಗಲಿಲ್ಲ, ಬೂದಿಗೆ ಬಗ್ಗಲಿಲ್ಲ. ಟೈರ್ ಶೆಡ್ಡಿನಿಂದ ತಮ್ಮನ ಕಬ್ಬಿಣದ ಪಟ್ಟಿ ತಂದು ಕೆರೆದಳು. ಚಕ್ಕೆ ಚಕ್ಕೆ ಎದ್ದು ಬಂತು. ಕೆರೆದಳು, ಕೆರೆದಳು. ಕೊನೆಗೆ ತಳದಲ್ಲಿ ಬೆಳ್ಳಗೆ ಒಂದು ಚುಕ್ಕಿ ಕಂಡಿತು. ಕಬ್ಬಿಣ ಹೊಳೆಯುತ್ತಿದೆ ಅಂದುಕೊಂಡು ಬೆರಳಿಟ್ಟಳು. ಹೊಳೆಯುತ್ತಿದ್ದದ್ದು ಕಬ್ಬಿಣವಲ್ಲ, ಆಚೆ ಕಡೆಯ ಬೆಳಕು. ಬಾಣಲೆ ಎಂದೋ ತೂತಾಗಿತ್ತು. ಇಷ್ಟು ಕಾಲ ಎಣ್ಣೆ ಸೋರದಂತೆ ಹಿಡಿದಿದ್ದದ್ದು ಆ ಕರಿಯೇ.

ತೂತು ಬಾಣಲೆಯನ್ನು ಹಿತ್ತಲ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು. ಹೊಸ ಬಾಣಲೆ ಬಂತು, ಹೊಸ ಎಣ್ಣೆ ಬಂತು, ಕರಿಯುವುದು ಅರ್ಧಕ್ಕಿಳಿಯಿತು. ಕರಿದ ಎಣ್ಣೆಯನ್ನು ಉಳಿಸಿ ಮೇಲೆ ಸುರಿಯುವ ಪದ್ಧತಿ ಅಲ್ಲಿಗೆ ಮುಗಿಯಿತು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕಾಳು ಬಂದವು. ಡಿಪೋ ಹೊತ್ತಿಕೊಂಡಿತು. ಸಂಬಳ ತಡವಾದಾಗ ಬಾಯಿಬಿಡದವರು ಹೋಳಿನ ಗರಿಗರಿ ಹೋಯಿತು ಅಂತ ನಿಯೋಗ ಕಟ್ಟಿಕೊಂಡು ಬಂದರು.

"ಅಕ್ಕಾ, ಹಳೇ ರುಚಿ ವಾಪಸ್ ಬೇಕು. ಇದು ಕಾರ್ಮಿಕರ ಹಕ್ಕು."

"ಆಯ್ತಪ್ಪ. ಎಲ್ಲರೂ ನಿಮ್ಮ ನಿಮ್ಮ ಹೆಂಡ್ತೀರನ್ನ ಕರ್ಕೊಂಡು ಬನ್ನಿ. ವಿಧವೆ ಆಗೋಕೆ ನಮ್ಮ ಒಪ್ಪಿಗೆ ಇದೆ ಅಂತ ಅವರು ನನ್ನ ಮುಂದೆ ಹೇಳ್ಲಿ. ಆಮೇಲೆ ಕರಿದು ಹಾಕ್ತೀನಿ."

ನಿಯೋಗ ಚಹಾ ಕುಡಿದು ಹೋಯಿತು.

ತಮ್ಮ ಕೆಲಸಕ್ಕೆ ಬಂದದ್ದು ಸೊಂಟ ಸ್ವಲ್ಪ ಇಳಿದ ಮೇಲೆ. ಚಕ್ರ ಎತ್ತುವಂತಿರಲಿಲ್ಲ, ಕೂತು ಟ್ಯೂಬಿಗೆ ತೇಪೆ ಹಾಕುವ ಕೆಲಸ ಕೊಟ್ಟಿದ್ದರು. ಮೊದಲ ದಿನ ಹಿತ್ತಲಿಗೆ ಹೋಗಿ ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಪಂಕ್ಚರ್ ಹಾಕ್ಲಾ ಅಕ್ಕಾ? ನಮ್ಮ ಕಸುಬೇ ಇದು."

"ಮುಟ್ಬೇಡ ಅದನ್ನ."

"ಅಮ್ಮಂದು ಅಂತ ಇದೊಂದೇ ಇತ್ತು."

"ನೀನೂ ಅಮ್ಮಂದೇ. ಕೈ ತೊಳ್ಕೊಂಡು ಬಾ."

ಅವನು ಕೈ ತೊಳೆದು ಬಂದು ತನ್ನ ಮಾಮೂಲಿ ಜಾಗದಲ್ಲಿ, ಮೂಲೆಯ ಬೆಂಚಿನಲ್ಲಿ, ಆ ಒಬ್ಬರಿಗಾಗುವಷ್ಟು ಜಾಗದಲ್ಲಿ ಕೂತ. ಅಕ್ಕ ತಟ್ಟೆ ತಂದಿಟ್ಟಳು. ಬೇಯಿಸಿದ ಆಲೂಗಡ್ಡೆ, ಕಾಳು, ಒಂದು ತುಂಡು ಮೀನು, ಮೇಲೆ ಒಂದು ಚಮಚ ಅಗಸೆ ಎಣ್ಣೆ, ಹಸಿಯದು.

"ರುಚೀನೇ ಇಲ್ಲ ಅಕ್ಕಾ."

"ರುಚಿ ಸಾಯ್ಲಿ."

ಅವನು ನಗುತ್ತಾ ಇನ್ನೊಂದು ತುತ್ತು ಎತ್ತಿದ. ಕೈ ಅರ್ಧದಲ್ಲಿ ನಿಂತಿತು. ಕ್ಯಾಂಟೀನಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ತಲೆ ತಿರುಗಿಸಿ ಒಲೆಯ ಕಡೆ ನೋಡಿದ.

"ಏನೋ ಹಾಕಿದ್ದೀಯಾ ಎಣ್ಣೆಗೆ?"

"ಇಲ್ಲ."

"ಸದ್ದು ಬಂತಲ್ಲ."

ಒಲೆ ತಣ್ಣಗಿತ್ತು. ಹೊಸ ಬಾಣಲೆ ತೊಳೆದು ಬೋರಲು ಹಾಕಿತ್ತು. ಅಕ್ಕನಿಗೂ ಕೇಳಿಸಿತ್ತು. ಇಷ್ಟು ಕಾಲ ತನಗೆ ಮಾತ್ರ ಕೇಳುತ್ತಿದ್ದದ್ದು ಈಗ ಅವನಿಗೂ ಕೇಳಿದೆ.

"ಶ್ಶ್ ಅಂತ" ಅಂದ ತಮ್ಮ. ಅವನ ಕಣ್ಣು ಚಿಕ್ಕ ಮಗುವಿನದಾಗಿತ್ತು. "ಚೆನ್ನಾಗಿತ್ತು ಅಕ್ಕಾ."

ಬಾಣಲೆಯಕ್ಕ ಒಂದು ಕೈಯಲ್ಲಿ ತಟ್ಟೆ ಎತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಬೆಂಚಿನಿಂದ ಎಬ್ಬಿಸಿ, ದರದರ ಎಳೆದುಕೊಂಡು ಬಾಗಿಲಾಚೆ ಬಿಸಿಲಿಗೆ ತಂದಳು. ಕಾಂಪೌಂಡಿನ ಗೋಡೆಯ ಬುಡದಲ್ಲಿ, ಮುಷ್ಕರದ ಕಾಲದಲ್ಲಿ ಒಲೆ ಹೂಡಿದ್ದ ಜಾಗದಲ್ಲಿ ಕುಕ್ಕಿ ಕೂರಿಸಿದಳು. ಬಸ್ಸೊಂದು ಹಿಂದೆ ಸರಿಯುತ್ತಾ ಹಾರ್ನು ಹೊಡೆಯುತ್ತಿತ್ತು. "ತಿನ್ನು" ಅಂದಳು. ಅವನು ತಿಂದ.

ಒಳಗೆ ಬಂದು ಬೆಂಚನ್ನು ತಲೆಕೆಳಗು ಮಾಡಿ ಗೋಡೆಗೆ ಒರಗಿಸಿದಳು. ಅದು ಇವತ್ತಿಗೂ ಹಾಗೆಯೇ ಇದೆ. ತಮ್ಮ ಈಗ ಅಮ್ಮ ಸತ್ತ ವಯಸ್ಸಿನ ಗಡಿ ಮುಟ್ಟಿದ್ದಾನೆ, ಇನ್ನೂ ದಾಟಿಲ್ಲ. ದಿನಾ ಮಧ್ಯಾಹ್ನ ಇಬ್ಬರೂ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಉಣ್ಣುತ್ತಾರೆ. ಅಕ್ಕ ಈಗ ಅವನ ತಟ್ಟೆಯದನ್ನೇ ತಾನೂ ತಿನ್ನುತ್ತಾಳೆ. ಡಿಪೋದಲ್ಲಿ ಎಂಜಿನ್ನುಗಳು ಒದರುತ್ತಲೇ ಇರುತ್ತವೆ. ಆ ಗದ್ದಲದಲ್ಲಿ ಬೇರೆ ಸದ್ದು ಕೇಳಿಸುವುದಿಲ್ಲ ಅಂತ ಆ ಜಾಗ ಆರಿಸಿಕೊಂಡಿದ್ದಾಳೆ. ಆದರೂ ಎಲ್ಲ ಬಸ್ಸುಗಳೂ ಒಮ್ಮೆಲೇ ಸುಮ್ಮನಾಗುವ ಗಳಿಗೆ ದಿನದಲ್ಲಿ ಒಂದಾದರೂ ಬರುತ್ತದೆ. ಆಗ ಬಾಣಲೆಯಕ್ಕ ತಮ್ಮನ ಕಿವಿಗೆ ಏನೂ ಬೀಳದಂತೆ ಗಟ್ಟಿಯಾಗಿ, ಯಾರನ್ನಾದರೂ ಬೈಯತೊಡಗುತ್ತಾಳೆ.